ಬ್ಯಾಡಗಿಯ ಇಬ್ಬರು ಸಿದ್ದವ್ವಂದಿರು

೧೯೯೨ರ ಜೂನ್ ತಿಂಗಳ ಒಂದು ಬೆಳಿಗ್ಗೆ ಹಾವೇರಿ ಸ್ಟೇಷನ್ನಿನಲ್ಲಿ ರಾಣೆಬೆನ್ನೂರಿನ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಹತ್ತಿದಾಗ ಅನಸೂಯಾಬಾಯಿಗೆ ನಲವತ್ತೆರಡು ವರ್ಷ. ಬಗಲಲ್ಲಿ ಇನ್ನೂರು ಪುಟದ ಹೊಸ ನೋಟಬುಕ್ಕು, ಚೀಲದಲ್ಲಿ ಊಟದ ಡಬ್ಬಿ. ಪ್ಲಾಟ್‌ಫಾರ್ಮಿನಲ್ಲಿ ಪರಿಚಯದವರಿಬ್ಬರು ಎಲ್ಲಿಗೆ ಹೊರಟಿರೆಂದು ಕೇಳಿದರು. ಇಬ್ಬರಿಗೂ ಅವರು "ರಾಣೆಬೆನ್ನೂರಾಗ ಸ್ವಲ್ಪ ಕೆಲಸ ಅದ" ಎಂದಷ್ಟೇ ಹೇಳಿದರು. ಈ ವಯಸ್ಸಿನಲ್ಲಿ ಕ್ಲಾಸಿಗೆ ಹೊರಟಿದ್ದೇನೆ ಎನ್ನಲು ಬಾಯಿ ಬರಲಿಲ್ಲ.

ಹಾವೇರಿಯಲ್ಲಿ ಅವರನ್ನು ಅರಿಯದವರು ಕಡಿಮೆ. ಅವರ ತಂದೆ ಕೃಷ್ಣಾಜಿಯವರು ಐವತ್ತಾರನೇ ಇಸವಿಯಲ್ಲಿ ತೆರೆದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳು ಪಳಗಿಸಿಕೊಂಡು ಹೋದವರು ತಾಲ್ಲೂಕಿನ ಎಲ್ಲ ಕಚೇರಿಗಳಲ್ಲೂ ಇದ್ದರು. ಅಲ್ಲಿ ಒಂದೇ ಒಂದು ಕಟ್ಟಳೆ. ಒಂದು ಅಕ್ಷರ ತಪ್ಪಿದರೂ ಕೃಷ್ಣಾಜಿಯವರು ಮಷಿನ್ನಿನಿಂದ ಹಾಳೆಯನ್ನು ಸರ್ರನೆ ಎಳೆದು, ಎಲ್ಲರ ಕಣ್ಣೆದುರೇ ಹರಿದು ಬುಟ್ಟಿಗೆ ಹಾಕುವರು. ರಬ್ಬರು ಮುಟ್ಟುವಂತಿರಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಮಷಿನ್ನಿನ ಮುಂದೆ ಕೂತ ಮಗಳಿಗೂ ರಿಯಾಯಿತಿ ಇರಲಿಲ್ಲ. ಎರಡು ವರ್ಷ ಅವಳ ಹಾಳೆಗಳೂ ಹರಿದವು. ಆಮೇಲೆ ಅವಳು ತಪ್ಪು ಮಾಡುವುದನ್ನೇ ಬಿಟ್ಟಳು.

ಲಕ್ವ ಹೊಡೆದು ತಂದೆ ಹಾಸಿಗೆ ಹಿಡಿದಾಗ ಇಪ್ಪತ್ತೆರಡರ ಅನಸೂಯಾ ಆ ಕುರ್ಚಿಯಲ್ಲಿ ಕೂತರು. ಬಂದ ಸಂಬಂಧಗಳು ಒಂದೊಂದಾಗಿ ಹಿಂದೆ ಸರಿದವು. ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವರು ಮತ್ತು ತಾಯಿ ಭಾಗೀರಥೀಬಾಯಿ. ಕುರ್ಚಿಯ ಜೊತೆಗೆ ಕಟ್ಟಳೆಯೂ ಮಗಳಿಗೆ ಬಂದಿತ್ತು. ಇಪ್ಪತ್ತು ವರ್ಷ ಅವರು ಹಾಳೆ ಹರಿದರು. ಊರಿನವರು ಅದನ್ನು ಶಿಸ್ತು ಎಂದರು, ಅವರೂ ಹಾಗೇ ತಿಳಿದಿದ್ದರು.

ತೊಂಬತ್ತರ ಹೊತ್ತಿಗೆ ಬೆಂಚುಗಳು ಖಾಲಿಯಾಗತೊಡಗಿದವು. ಕೆಲಸದ ಜಾಹೀರಾತುಗಳಲ್ಲಿ ಟೈಪಿಂಗಿನ ಜಾಗದಲ್ಲಿ ಕಂಪ್ಯೂಟರ್ ಎಂಬ ಶಬ್ದ ಕಾಣಿಸಿಕೊಂಡಿತು. ತೊಂಬತ್ತೆರಡರ ಮಾರ್ಚಿನಲ್ಲಿ ಒಂದು ದಿನ ಹಳೆಯ ವಿದ್ಯಾರ್ಥಿ ಮಹಮ್ಮದಗೌಸ ಪೇಢೆಯ ಪೊಟ್ಟಣ ಹಿಡಿದು ಬಂದ. ಗಡಿಯಾರ ರಿಪೇರಿಯವರ ಮಗ. ಹುಬ್ಬಳ್ಳಿಯಲ್ಲಿ ಕಲಿತು, ರಾಣೆಬೆನ್ನೂರಿನಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಕೇಂದ್ರ ತೆರೆದಿದ್ದ.

"ನೀವು ಬರ್ರಿ ಅಕ್ಕೋರ" ಎಂದ. "ನಿಮ್ಮಂಥಾ ಬೆರಳು ಯಾರಿಗೂ ಇಲ್ಲ. ಒಂದ ವರ್ಷದ ಕೋರ್ಸ್ ಐತ್ರಿ."

ಅಂದು ನಕ್ಕು ಕಳಿಸಿದರು. ಮೂರು ತಿಂಗಳಿಗೆ ತಾವೇ ಗಾಡಿ ಹತ್ತಿದರು.

ಅದೂ ಒಂದು ಬಗೆಯ ಟೈಪಿಂಗೇ ಇರಬೇಕು ಎಂಬುದು ಅವರ ಅಂದಾಜು. ಕೇಂದ್ರದಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಂದು ಕಂಪ್ಯೂಟರಿಗೆ ಇಬ್ಬರು. ಅವರ ಜೊತೆಗೆ ಕೂತವಳು ಕರ್ಜಗಿಯ ಕರೆವ್ವ, ಹತ್ತೊಂಬತ್ತರ ಹುಡುಗಿ, ಒಕ್ಕಲುತನದ ಮನೆಯವಳು. ಪಿ.ಯು.ಸಿ. ಪಾಸಾಗಿದ್ದಳು. ಇಂಗ್ಲಿಷ್ ಶಬ್ದಗಳನ್ನು ಕಿವಿಗೆ ಕೇಳಿದ ಹಾಗೆ ಬರೆಯುತ್ತಿದ್ದಳು. ಎರಡೇ ಬೆರಳಿನಿಂದ ಕೋಳಿ ಕಾಳು ಹೆಕ್ಕಿದ ಹಾಗೆ ಕೀಲಿ ಒತ್ತುವ ಅವಳನ್ನು ನೋಡಿ ಅನಸೂಯಾಬಾಯಿಗೆ ಹಲ್ಲು ಕಚ್ಚುವಂತಾಯಿತು.

ಮೊದಲ ದಿನ ಮಹಮ್ಮದಗೌಸ ಬೋರ್ಡಿನ ಮೇಲೆ ಆರು ಸಾಲಿನ ಪ್ರೋಗ್ರಾಂ ಬರೆದ. ಅನಸೂಯಾಬಾಯಿ ಕೀಲಿಯ ಕಡೆ ನೋಡದೆ ಅದನ್ನು ಹೊಡೆದು ಮುಗಿಸಿದಾಗ ಇಡೀ ಕೋಣೆ ತಿರುಗಿ ನೋಡಿತು. ಅವರು ಸೆರಗು ಸರಿಮಾಡಿಕೊಂಡು, ಹೇಳಿದ ಹಾಗೆ ಪ್ರೋಗ್ರಾಂ ನಡೆಸಿದರು. ಕಂಪ್ಯೂಟರ್ ಪುಂಯ್ ಎಂದಿತು. ನೀವು ಹೇಳಿದ ಹೆಸರಿನದು ಇಲ್ಲಿ ಯಾವುದೂ ಇಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಮೂಡಿತು. ಅವರ ಕೈ ಯೋಚಿಸಲಿಲ್ಲ. ಸೀದಾ ಹೋಗಿ ಸ್ವಿಚ್ಚು ಆರಿಸಿತು.

"ಅಯ್ಯ, ಯಾಕ ಆರಿಸಿದ್ರಿ ಅಕ್ಕೋರ?" ಎಂದಳು ಕರೆವ್ವ.

"ತಪ್ಪಾಗಿತ್ತು."

"ತಪ್ಪಾದ್ರ ಏನಾತ್ರಿ? ಎಲ್ಲಿ ತಪ್ಪೈತಿ ಅಂತ ಅದ ಹೇಳಾಕತ್ತಿತ್ತಲ್ರಿ. ಕೇಳೂದ್ರಾಗ ಬಾಯಿ ಮುಚ್ಚಿಸಿದ್ರಿ ಅದಕ್ಕ."

ಹಿಂದಿನ ಸಾಲಿನವರು ನಕ್ಕರು. ಅನಸೂಯಾಬಾಯಿ ನಗಲಿಲ್ಲ. ಆರೂ ಸಾಲು ಮತ್ತೆ ಹೊಡೆದರು.

ಎರಡು ತಿಂಗಳಲ್ಲಿ ಅವರಿಗೆ ಒಂದು ಸಂಗತಿ ತಿಳಿಯಿತು. ಒಂದೂ ಅಕ್ಷರ ತಪ್ಪಿಲ್ಲದ ಹಾಳೆಯೂ ತಪ್ಪಿರಬಹುದು. ಅವರು ಬರೆದದ್ದು ಮುತ್ತಿನಂತೆ ಇರುತ್ತಿತ್ತು, ನಡೆಯುತ್ತಿರಲಿಲ್ಲ. ಕರೆವ್ವ ಬರೆದದ್ದರಲ್ಲಿ ಸಾಲಿಗೊಂದು ತಪ್ಪು, ಆದರೆ ತಿದ್ದಿದ ಮೇಲೆ ಅವಳದು ನಡೆಯುತ್ತಿತ್ತು. ಯಾಕೆ ಹೀಗೆ ಎಂದು ಯಾರನ್ನಾದರೂ ಕೇಳುವುದಾದರೂ ಹೇಗೆ? ಎಂದೂ ಕೇಳಿ ಗೊತ್ತಿರಲಿಲ್ಲ ಅವರಿಗೆ.

ಆಗಸ್ಟ್ ಕೊನೆಯಲ್ಲಿ ಪರೀಕ್ಷೆ ನಡೆಯಿತು. ಫೈಲಿನಲ್ಲಿರುವ ಅರವತ್ತು ಹೆಸರುಗಳನ್ನು ಪ್ರಿಂಟ್ ಮಾಡುವ ಪ್ರೋಗ್ರಾಂ ಬರೆಯಬೇಕು. ಅನಸೂಯಾಬಾಯಿ ಎಲ್ಲರಿಗಿಂತ ಮೊದಲು ಮುಗಿಸಿ ಕೀಲಿ ಒತ್ತಿದರು. ಪ್ರಿಂಟರ್ ಕಿರ್ರೆಂದು ಶುರುವಾಯಿತು. ಮೊದಲ ಹೆಸರು ಬಂತು. ಮತ್ತೆ ಅದೇ ಹೆಸರು ಬಂತು, ಮತ್ತೂ ಅದೇ. ಉದ್ದದ ಹಾಳೆ ಮಡಿಕೆ ಮಡಿಕೆಯಾಗಿ ನೆಲಕ್ಕೆ ಇಳಿಯುತ್ತಿತ್ತು, ಅದರ ತುಂಬ ಒಂದೇ ಹೆಸರು. ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು. ಅನಸೂಯಾಬಾಯಿ ಎದ್ದು, ಆ ಹಾಳೆಯನ್ನು ಎಳೆದು, ನಾಲ್ಕು ಚೂರು ಮಾಡಿ, ಚೀಲ ತೆಗೆದುಕೊಂಡು ಹೊರಗೆ ಹೋದರು.

ಮರುದಿನ ಗಾಡಿ ಹತ್ತಲಿಲ್ಲ, ಅದರ ಮರುದಿನವೂ ಇಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದರು. ಮಗಳು ಡಬ್ಬಿ ತೊಳೆಯಲು ತೆಗೆದಳೆಂದರೆ ಹತ್ತಿರ ಹೋಗಬಾರದು ಎಂದು ಭಾಗೀರಥೀಬಾಯಿಗೆ ಗೊತ್ತಿತ್ತು.

ಐದನೇ ದಿನ ಸಂಜೆ ರಾಣೆಬೆನ್ನೂರಿನಿಂದ ಮರಳುವಾಗ ಕರೆವ್ವ ಹಾವೇರಿಯಲ್ಲೇ ಇಳಿದು, ಮನೆ ಕೇಳಿಕೊಂಡು ಬಂದಳು. ಬಾಗಿಲಲ್ಲೇ ನಿಂತವಳನ್ನು ಭಾಗೀರಥೀಬಾಯಿ ಒಳಗೆ ಕರೆದು, ಒಗ್ಗರಣೆ ಅವಲಕ್ಕಿ ಕೊಟ್ಟರು. ಅವಳು ತಿನ್ನುತ್ತಲೇ ಚೀಲದಿಂದ ಒಂದು ಹಾಳೆ ತೆಗೆದಳು. ಅನಸೂಯಾಬಾಯಿ ಹರಿದ ಚೂರುಗಳನ್ನು ಹುಡುಕಿ, ಅಂಟಿಸಿ, ಹಿಂಬದಿಗೆ ಅವರ ಪ್ರೋಗ್ರಾಮನ್ನೂ ಬರೆದುಕೊಂಡು ತಂದಿದ್ದಳು.

"ನಿಮ್ಮ ಪ್ರೋಗ್ರಾಂ ನೋಡೇನ್ರಿ. ಒಂದ ಸಾಲು ಬಿಟ್ಟೀರಿ, ಅಷ್ಟ."

"ಒಂದೂ ಬಿಟ್ಟಿಲ್ಲ. ನಾಕ ಸಲ ಓದೀನಿ ನಾನು."

"ಅಲ್ರಿ, ಕೇಳ್ರಿ. ನಾ ಸೀಸನ್ನಿನ್ಯಾಗ ಹತ್ತಿ ಕ್ರಾಸಿಂಗ್ ಕೆಲಸಕ್ಕ ಹೊಕ್ಕೇನಲ್ರಿ. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಹಚ್ಚೂದು, ದಾರ ಕಟ್ಟೂದು, ಮುಂದಿನ ಹೂವಿಗೆ ಹೋಗೂದು. ಸಾಲು ಮುಗಿಯೂ ಮಟಾ ಇದ ಕೆಲಸ. ನಿಮ್ಮ ಪ್ರೋಗ್ರಾಂ ಪುಡಿ ಹಚ್ಚತೈತಿ, ದಾರ ಕಟ್ಟತೈತಿ, ಎಲ್ಲಾ ಛಂದ ಮಾಡತೈತಿ. ಆದ್ರ ಮುಂದಿನ ಹೂವಿಗೆ ಹೋಗು ಅಂತ ಅದಕ್ಕ ನೀವು ಹೇಳೇ ಇಲ್ರಿ. ಪಾಪ, ಒಂದ ಹೂವಿನ ಮುಂದ ನಿಂತು ದಾರ ಕಟ್ಟೇ ಕಟ್ಟಾಕತ್ತೈತಿ."

ಅನಸೂಯಾಬಾಯಿ ಹಾಳೆ ತಿರುವಿ ನೋಡಿದರು. ಮುಂದಕ್ಕೆ ಹೋಗು ಎಂದು ಹೇಳುವ ನಾಲ್ಕೇ ಅಕ್ಷರದ ಇಂಗ್ಲಿಷ್ ಶಬ್ದ ನಿಜವಾಗಿಯೂ ಇರಲಿಲ್ಲ. ಹೂವಿನ ಮುಂದೆ ನಿಂತು ಬಿಡದೆ ದಾರ ಕಟ್ಟುವ ಕಂಪ್ಯೂಟರು ಕಣ್ಣಿಗೆ ಕಟ್ಟಿತು. ಅವರ ಬಾಯಿಂದ ನಗು ಹೊರಬಿತ್ತು. ಕರೆವ್ವನೂ ನಕ್ಕಳು. ಒಳಗೆ ಅವಲಕ್ಕಿ ಪಾತ್ರೆ ಕೆರೆಯುತ್ತಿದ್ದ ಭಾಗೀರಥೀಬಾಯಿ ಇಣುಕಿ, ವಿಷಯ ತಿಳಿಯದಿದ್ದರೂ ತಾವೂ ನಕ್ಕರು.

ಮರುದಿನ ಅವರು ಕ್ಲಾಸಿಗೆ ಹೋದರು. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋಗುವವರೆಗೆ ಕಾದು ಮಹಮ್ಮದಗೌಸನ ಟೇಬಲ್ಲಿನ ಮುಂದೆ ನಿಂತರು.

"ಸರ್, ಐದು ದಿನ ಹೇಳದನ ತಪ್ಪಿಸಿದೆ."

ಮಹಮ್ಮದಗೌಸ ಎದ್ದೇ ನಿಂತ. "ಸರ್ ಅನಬ್ಯಾಡ್ರಿ ಅಕ್ಕೋರ. ಕುಂದ್ರಿ, ಮದ್ಲ ಕುಂದ್ರಿ."

ಡ್ರಾಯರಿನಿಂದ ಒಂದು ಉದ್ದನೆಯ ಪುಸ್ತಕ ತೆಗೆದು ಅವರ ಮುಂದಿಟ್ಟ. ಪುಟಗಳ ತುಂಬ ತಾರೀಖು, ಏನು ತಪ್ಪಿತು, ಹೇಗೆ ಸರಿಯಾಯಿತು ಎಂಬ ಸಾಲುಗಳು. ಕೊನೆಯ ತಾರೀಖು ನಿನ್ನೆಯದು.

"ನನ್ನ ತಪ್ಪಿನ ಪುಸ್ತಕ ಇದು. ಇಂಥಾವು ಮೂರ ತುಂಬ್ಯಾವು. ಈ ಕೆಲಸದಾಗ ದಿನಾ ತಪ್ಪತೈತ್ರಿ. ಬರದ ಇಟಗೊಂಡ್ರ ಮುಂದ ಕೆಲಸಕ್ಕ ಬರತೈತಿ."

ಅನಸೂಯಾಬಾಯಿ ಹಾಳೆ ತಿರುವುತ್ತ ಕೇಳಿದರು, "ನಾ ನಿನ್ನವು ಭಾಳ ಹಾಳಿ ಹರದೀನಲ್ಲ?"

"ಎಣಿಸಿಲ್ರಿ" ಎಂದು ನಕ್ಕ. ಆಮೇಲೆ ಹೇಳಿದ, "ಒಂದ ಸಲದ್ದು ಮಾತ್ರ ನೆನಪೈತಿ. ಪರೀಕ್ಷಾ ಹಿಂದಿನ ದಿನ. ಕಡೀ ಸಾಲಿನ್ಯಾಗ ಒಂದ ಅಕ್ಷರ ತಪ್ಪಿತ್ತು, ಹರದ್ರಿ. ಮರುದಿನ ಪರೀಕ್ಷಾಕ್ಕ ಹೋಗಲಿಲ್ರಿ ನಾನು. ಅಂಜಿಕಿ ಬಂತು."

"ನಿನಗ ಜ್ವರ ಬಂದಿತ್ತು ಅಂದ್ರು."

"ಅಪ್ಪಾಗ ಹಂಗ ಹೇಳಿದ್ದೆ."

ಆ ಜಾಣ ಹುಡುಗ ಪರೀಕ್ಷೆ ತಪ್ಪಿಸಿಕೊಂಡನಲ್ಲ ಎಂದು ಆಗ ಅವರು ಎರಡು ದಿನ ಪೇಚಾಡಿದ್ದರು. ತಮ್ಮ ಕೈಯೇ ಅದಕ್ಕೆ ಕಾರಣ ಎಂದು ಹತ್ತು ವರ್ಷ ಗೊತ್ತಿರಲಿಲ್ಲ.

"ಅದು ಬಿಡ್ರಿ ಈಗ" ಎಂದ ಮಹಮ್ಮದಗೌಸ.

"ಬಿಡೂದಲ್ಲ, ಗೌಸ. ನಂದು ತಪ್ಪಾತು."

ಒಬ್ಬ ವಿದ್ಯಾರ್ಥಿಯ ಮುಂದೆ ಅವರು ಆ ಮಾತು ಆಡಿದ್ದು ಅದೇ ಮೊದಲು. ಮಹಮ್ಮದಗೌಸ ತನ್ನ ಡಬ್ಬಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು ಡಬ್ಬಿಯ ಮುಚ್ಚಳದಲ್ಲಿಟ್ಟು ಮುಂದೆ ಸರಿಸಿದ. ಅನಸೂಯಾಬಾಯಿ ಒಂದು ಗಳಿಗೆ ಆ ರೊಟ್ಟಿಯನ್ನು ನೋಡಿದರು. ಆಮೇಲೆ ತಮ್ಮ ಡಬ್ಬಿಯ ಚಟ್ನಿಯನ್ನು ಅವನ ಕಡೆ ಸರಿಸಿ, ರೊಟ್ಟಿ ತಿಂದರು.

ಆಮೇಲಿನ ತಿಂಗಳುಗಳು ಬೇಗ ಕಳೆದವು. ಗಾಡಿಯಲ್ಲಿ ಕರೆವ್ವ ಕರ್ಜಗಿಯಿಂದಲೇ ಕಿಟಕಿಯ ಪಕ್ಕ ಜಾಗ ಹಿಡಿದಿರುತ್ತಿದ್ದಳು. ಅನಸೂಯಾಬಾಯಿ ಅವಳಿಗೆ ಇಂಗ್ಲಿಷ್ ಕಲಿಸುವರು, ಅವಳು ಅವರಿಗೆ ಪ್ರೋಗ್ರಾಮಿನ ದಾರಿ ತೋರಿಸುವಳು. ಬ್ಯಾಡಗಿ ಸ್ಟೇಷನ್ ಬಂತೆಂದರೆ ಮೆಣಸಿನಕಾಯಿ ಘಾಟಿಗೆ ಇಡೀ ಬೋಗಿ ಸೀನುತ್ತಿತ್ತು, ಪಾಠಕ್ಕೆ ಅಷ್ಟು ಹೊತ್ತು ಬಿಡುವು. ಅನಸೂಯಾಬಾಯಿಯೂ ಒಂದು ತಪ್ಪಿನ ಪುಸ್ತಕ ಇಟ್ಟರು. ಮೊದಲ ಪುಟವನ್ನು ದುಂಡಗಿನ ಅಕ್ಷರದಲ್ಲಿ ಬರೆದರು. ಹತ್ತನೇ ಪುಟದ ಹೊತ್ತಿಗೆ ಅಕ್ಷರ ದುಂಡಗಿರಲಿಲ್ಲ, ಅವಸರದಲ್ಲಿ ಗೀಚಿದಂತಿದ್ದವು. ಅದು ಅವರ ಗಮನಕ್ಕೇ ಬರಲಿಲ್ಲ.

ಫೆಬ್ರುವರಿಯಲ್ಲಿ ಪರಮೇಶಪ್ಪ ಎಂಬವರು ಎರಡು ದೊಡ್ಡ ರಟ್ಟಿನ ಡಬ್ಬಿ ಹೊರಿಸಿಕೊಂಡು ಕೇಂದ್ರಕ್ಕೆ ಬಂದರು. ನಿವೃತ್ತ ಸಾಲಿ ಮಾಸ್ತರರು, ಒಂದು ಧರ್ಮಾರ್ಥ ಟ್ರಸ್ಟಿನ ಕೆಲಸ ನೋಡಿಕೊಳ್ಳುತ್ತಿದ್ದರು. ಡಿಸೆಂಬರಿನಲ್ಲಿ ಟ್ರಸ್ಟಿನವರು ಬ್ಯಾಡಗಿಯಲ್ಲಿ ಕ್ಯಾಂಪ್ ಮಾಡಿ ನಾನೂರ ಹದಿನೆಂಟು ಮಂದಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಜನವರಿಯಲ್ಲಿ ಅವರನ್ನೆಲ್ಲ ಮತ್ತೆ ಕರೆಸಿ ಕನ್ನಡಕದ ನಂಬರು ತೆಗೆದಿದ್ದರು. ಈಗ ಕನ್ನಡಕಗಳು ಬಂದಿದ್ದವು. ಆದರೆ ಮನೆ, ಓಣಿಯ ವಿವರ ಇದ್ದದ್ದು ಡಿಸೆಂಬರಿನ ಪಟ್ಟಿಯಲ್ಲಿ, ಗಾಜಿನ ನಂಬರು ಇದ್ದದ್ದು ಜನವರಿಯ ಪಟ್ಟಿಯಲ್ಲಿ. ಎರಡನ್ನೂ ಕೂಡಿಸಿ ಪ್ರತಿ ಕನ್ನಡಕದ ಡಬ್ಬಿಗೂ ಚೀಟಿ ಹಚ್ಚಬೇಕು. ಮಂದಿ ಡಿಸೆಂಬರಿನಲ್ಲಿ ಕೊಟ್ಟ ಚೀಟಿ ಕಳೆದುಕೊಂಡು ಬರಿಗೈಯಲ್ಲಿ ಬಂದಿದ್ದರಿಂದ ಎರಡನೇ ಪಟ್ಟಿಯಲ್ಲಿ ಕ್ರಮಸಂಖ್ಯೆ ಇರಲಿಲ್ಲ, ಹೆಸರು ಮತ್ತು ಊರು ಮಾತ್ರ. ಮಹಮ್ಮದಗೌಸ ಆ ಕೆಲಸವನ್ನು ಅನಸೂಯಾಬಾಯಿ ಮತ್ತು ಕರೆವ್ವನಿಗೆ ಕೊಟ್ಟ.

ಎರಡೂ ಪಟ್ಟಿ ಇಂಗ್ಲಿಷಿನಲ್ಲಿದ್ದವು, ಬೇರೆ ಬೇರೆ ಕೈಯವು. ಅನಸೂಯಾಬಾಯಿ ಎರಡನ್ನೂ ಮೂರೇ ದಿನದಲ್ಲಿ ಕಂಪ್ಯೂಟರಿಗೆ ಹಾಕಿದರು. ಪ್ರೋಗ್ರಾಂ ನಡೆಸಿದಾಗ ಕೂಡಿಬಂದದ್ದು ನೂರ ಮೂವತ್ತೊಂದು ಹೆಸರು ಮಾತ್ರ. ಒಬ್ಬರು ಬ್ಯಾಡಗಿಯನ್ನು ಬರೆದ ಹಾಗೆ ಇನ್ನೊಬ್ಬರು ಬರೆದಿರಲಿಲ್ಲ. ಅಗಡಿಯ ಹೊಳಿಯಪ್ಪ ಒಂದು ಕಡೆ ಹೊಳಿಯಪ್ಪ, ಇನ್ನೊಂದು ಕಡೆ ಓಳೆಪ್ಪ. ಸಿದ್ದವ್ವ ಎಂಬ ಹೆಸರೊಂದಕ್ಕೇ ಐದು ವೇಷ.

"ಸರಿಯಾದ ಸ್ಪೆಲ್ಲಿಂಗ್ ಯಾವುದಂತ ಗೊತ್ತು ಮಾಡಿ ಎಲ್ಲಾ ತಿದ್ದತೀನಿ" ಎಂದು ಅನಸೂಯಾಬಾಯಿ ಪಟ್ಟು ಹಿಡಿದರು.

ಪರಮೇಶಪ್ಪ ತಲೆ ಕೆರೆದುಕೊಂಡರು. "ಸರಿಯಾದದ್ದು ಯಾವುದ್ರಿ ಬಾಯಾರ? ಹೊಳಿಯಪ್ಪನ್ನ ಕೇಳಿದ್ರ, ಎರಡೂ ನನ್ನ ಹೆಸರ ಅಂತಾನ."

ಎರಡು ದಿನ ಅವರು ತಿದ್ದಿದರು, ಮೂರನೇ ದಿನ ತಿದ್ದಿದ್ದನ್ನೇ ಮತ್ತೆ ತಿದ್ದಿದರು. ಆ ಸಂಜೆ ಗಾಡಿಯಲ್ಲಿ ಕರೆವ್ವ ಪಟ್ಟಿಯ ಹೆಸರುಗಳನ್ನು ಗಟ್ಟಿಯಾಗಿ ಓದುತ್ತ ಕೂತಿದ್ದಳು. ಓದುತ್ತ ಓದುತ್ತ ಒಮ್ಮೆಲೆ ನಿಲ್ಲಿಸಿದಳು.

"ಅಕ್ಕೋರ, ಇವರು ತಪ್ಪಿದ್ದು ಎಲ್ಲಾ ನಡುವಿನ ಅಕ್ಷರದಾಗ. ಎ ಹಾಕೂದೋ, ಇ ಹಾಕೂದೋ, ಎರಡು ಡಿ ಹಾಕೂದೋ ಅಂತ. ಎಲುವು ಯಾರೂ ತಪ್ಪಿಲ್ಲ ನೋಡ್ರಿ."

"ಎಲುವು ಅಂದ್ರ?"

"ಸಿದ್ದವ್ವ ಅಂದ್ರ ಎಸ್, ಡಿ, ವಿ. ಉಳದದ್ದೆಲ್ಲಾ ಮ್ಯಾಲಿನ ಚರ್ಮ."

ಅನಸೂಯಾಬಾಯಿ ಪಟ್ಟಿ ಕಸಿದುಕೊಂಡರು. ಸ್ವರಗಳನ್ನು ತೆಗೆದುಬಿಟ್ಟರೆ, ವೈ ಮತ್ತು ಎಚ್ ಬಿಟ್ಟರೆ, ಜೋಡಿ ಅಕ್ಷರವನ್ನು ಒಂದೇ ಮಾಡಿದರೆ, ಡಬ್ಲ್ಯೂ ಇದ್ದಲ್ಲಿ ವಿ ಎಂದು ಹಿಡಿದರೆ, ಐದು ಸಿದ್ದವ್ವಗಳೂ ಒಂದೇ. ಹೊಳಿಯಪ್ಪ, ಓಳೆಪ್ಪ ಒಂದೇ. ಬ್ಯಾಡಗಿಯ ಎಲ್ಲ ರೂಪಗಳೂ ಬಿ, ಡಿ, ಜಿ. ಯಾರ ಬರವಣಿಗೆಯನ್ನೂ ತಿದ್ದಬೇಕಾಗಿಲ್ಲ. ಬರೆದದ್ದು ಹಾಗೇ ಇರಲಿ, ಎಲುಬು ನೋಡಿ ಕೂಡಿಸಿದರಾಯಿತು. ಹಾವೇರಿ ಬಂದದ್ದು ತಿಳಿಯದೆ ಅವರು ಕರ್ಜಗಿಯವರೆಗೂ ಹೋದರು, ಅಲ್ಲಿಂದ ಬಸ್ಸು ಹಿಡಿದು ಮನೆಗೆ ಬಂದರು.

ಪ್ರೋಗ್ರಾಂ ಬರೆಯಲು ಎಂಟು ದಿನ ಹಿಡಿಯಿತು. ಇಪ್ಪತ್ತಮೂರು ತಪ್ಪು ಪುಸ್ತಕ ಸೇರಿದವು. ಒಂಬತ್ತನೇ ದಿನ ನಡೆಸಿದಾಗ ನಾನೂರ ಒಂಬತ್ತು ಹೆಸರು ಕೂಡಿಬಂದವು. ಉಳಿದ ಒಂಬತ್ತನ್ನು ಪರಮೇಶಪ್ಪ ಕೈಯಲ್ಲೇ ಹೊಂದಿಸಿದರು. ಚೀಟಿಗಳು ಪ್ರಿಂಟರಿನಿಂದ ಸಾಲಾಗಿ ಬರುವಾಗ ಕರೆವ್ವ ಅನಸೂಯಾಬಾಯಿಯ ಕೈ ಹಿಡಿದುಕೊಂಡು ನಿಂತಿದ್ದಳು.

ಕನ್ನಡಕ ಹಂಚಿ ಹತ್ತು ದಿನವಾದ ಮೇಲೆ ಪರಮೇಶಪ್ಪ ಇನ್ನೊಂದು ಕೆಲಸಕ್ಕೆ ಕೇಂದ್ರಕ್ಕೆ ಬಂದವರು ಮಾತಿಗೆ ಮಾತು ಬಂದು ಹೇಳಿದರು, "ಎಲ್ಲಾ ಛಲೋ ಆತ್ರಿ. ಬ್ಯಾಡಗಿ ಸ್ಟೇಷನ್ ಓಣಿ ಸಿದ್ದವ್ವ ಅಂತ ಒಬ್ಬಾಕಿ ಮಾತ್ರ ಕನ್ನಡಕ ಹೊಳ್ಳಿ ಕಳಿಸ್ಯಾಳ. ಬಲಗಣ್ಣು ಆಪರೇಷನ್ ಆದಾಕಿಗೆ ದಪ್ಪ ಗಾಜು ಎಡಗಣ್ಣಿಗೆ ಹಾಕ್ಯಾರ. ಗಾಜು ಕೂಡಿಸಾವರು ಅವಸರದಾಗ ಮಾಡಿರಬೇಕು. ಬ್ಯಾರೇದು ಮಾಡಿಸಿದ್ರಾತು ಬಿಡ್ರಿ."

ಅವರು ಅಷ್ಟು ಹೇಳಿ ಚಹಾ ಕುಡಿಯತೊಡಗಿದರು. ಅನಸೂಯಾಬಾಯಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಡಿಸೆಂಬರಿನ ಪಟ್ಟಿಯನ್ನು ಪರದೆಯ ಮೇಲೆ ತೆರೆದರು. ಬ್ಯಾಡಗಿಯಲ್ಲಿ ಇಬ್ಬರು ಸಿದ್ದವ್ವಂದಿರು. ಒಬ್ಬರು ಸ್ಟೇಷನ್ ಓಣಿ, ಒಬ್ಬರು ಮಾರ್ಕೆಟ್ ಹತ್ತಿರ. ಒಬ್ಬರಿಗೆ ಬಲಗಣ್ಣು, ಒಬ್ಬರಿಗೆ ಎಡಗಣ್ಣು. ಎಲುಬು ಎರಡಕ್ಕೂ ಒಂದೇ. ಒಂದೇ ಎಲುಬಿನವರು ಇಬ್ಬರು ಸಿಕ್ಕರೆ ಏನು ಮಾಡಬೇಕೆಂದು ಪ್ರೋಗ್ರಾಮಿಗೆ ಅವರು ಹೇಳಿರಲಿಲ್ಲ. ಅದು ಮೊದಲು ಸಿಕ್ಕವಳಿಗೆ ಮೊದಲು ಸಿಕ್ಕ ಕನ್ನಡಕ ಕೊಟ್ಟು ಸುಮ್ಮನಾಗಿತ್ತು.

ಪರಮೇಶಪ್ಪ ಲೋಟ ಕೆಳಗಿಡುತ್ತಿದ್ದರು. ಅವರಿಗೆ ಯಾವ ಸಂಶಯವೂ ಇರಲಿಲ್ಲ. ಸುಮ್ಮನಿದ್ದರೆ ಹೊಸ ಕನ್ನಡಕ ಬರುತ್ತಿತ್ತು, ಎಲ್ಲ ಮುಗಿಯುತ್ತಿತ್ತು. ಆದರೆ ಇನ್ನೊಬ್ಬ ಸಿದ್ದವ್ವ ಕನ್ನಡಕ ಹಿಂದಕ್ಕೆ ಕಳಿಸಿರಲಿಲ್ಲವಲ್ಲ. ಅವಳು ಏನು ನೋಡುತ್ತಿದ್ದಾಳೆ ಈಗ?

"ಗಾಜು ಕೂಡಿಸಾವರ ತಪ್ಪಲ್ರಿ ಅದು" ಎಂದರು. "ನಂದು. ನಾ ಬರದದ್ದರಾಗ ತಪ್ಪದ. ಇಬ್ಬರ ಕನ್ನಡಕ ಅದಲಬದಲ ಆಗ್ಯಾವ. ನಾಳೆ ಬ್ಯಾಡಗಿಗೆ ಹೋಗೋಣ."

ಕರೆವ್ವ "ನಂದೂ ಐತ್ರಿ ಅದ್ರಾಗ" ಎಂದಳು. ಮಹಮ್ಮದಗೌಸ ತನ್ನ ಟೇಬಲ್ಲಿನಿಂದ ತಲೆ ಎತ್ತಿ ನೋಡಿದ. ಮರುದಿನ ಇಬ್ಬರಿಗೂ ಕ್ಲಾಸಿನಿಂದ ರಜೆ ಕೊಟ್ಟ.

ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಅಂದು ಕೆಂಪು ಬಿಟ್ಟು ಬೇರೆ ಬಣ್ಣವಿರಲಿಲ್ಲ. ಹಮಾಲರು ಚೀಲ ಹೊತ್ತು ಓಡಾಡುತ್ತಿದ್ದರು. ರಾಶಿಗಳ ನಡುವೆ ಹೆಂಗಸರು ಸಾಲಾಗಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಪರಮೇಶಪ್ಪ ವಿಚಾರಿಸುತ್ತ ಮುಂದೆ ನಡೆದರು. ಮೂಗಿಗೆ ಸೆರಗು ಒತ್ತಿಕೊಂಡು ಅನಸೂಯಾಬಾಯಿ, ಕರೆವ್ವ ಹಿಂದೆ. ಸಾಲಿನ ಕೊನೆಯಲ್ಲಿ ಒಬ್ಬ ಮುದುಕಿ, ಕಪ್ಪು ಚೌಕಟ್ಟಿನ ಕನ್ನಡಕ ಹಾಕಿಕೊಂಡು, ಕಣ್ಣು ಮುಚ್ಚಿ, ಬೆರಳಿನ ಅಂದಾಜಿನ ಮೇಲೆ ತೊಟ್ಟು ಮುರಿಯುತ್ತಿದ್ದಳು.

ಅನಸೂಯಾಬಾಯಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ಸಿದ್ದವ್ವಾರ, ಕನ್ನಡಕ ಹೆಂಗದ?"

"ಛಲೋ ಐತವ್ವ."

"ಕಾಣಸ್ತದೇನು?"

"ಮಸಕ ಕಾಣತೈತಿ. ಭಾಳ ಹೊತ್ತು ನೋಡಿದ್ರ ಹೊಟ್ಟಿ ತೊಳಸತೈತಿ, ಅದಕ್ಕ ಕಣ್ಣು ಮುಚ್ಚಿಕೊಂಡಿರತೇನಿ."

"ಮತ್ತ ಯಾರಿಗೂ ಹೇಳಲಿಲ್ಲ ನೀವು?"

"ಪುಣ್ಯಕ್ಕ ಕೊಟ್ಟದ್ದು. ನೆಟ್ಟಗಿಲ್ಲ ಅಂತ ಯಾವ ಬಾಯಿಲೆ ಹೇಳಲಿ? ನನ್ನ ಪಾಲಿಗೆ ಇಷ್ಟ ಬಂದೈತಿ ಅಂತ ಸುಮ್ನಾದೆ."

ಸ್ಟೇಷನ್ ಓಣಿಯಿಂದ ಹಿಂದಕ್ಕೆ ಬಂದ ಕನ್ನಡಕವನ್ನು ಅನಸೂಯಾಬಾಯಿ ಚೀಲದಿಂದ ತೆಗೆದರು. ಅದನ್ನು ಕೈಯಲ್ಲಿ ಹಿಡಿದು ಹೇಳಿದರು, "ಇದು ನಿಮ್ಮದಲ್ರಿ. ಪಟ್ಟಿ ಮಾಡುವಾಗ ನಾ ತಪ್ಪು ಮಾಡಿದೆ. ಸ್ಟೇಷನ್ ಓಣಿ ಸಿದ್ದವ್ವಂದು ನಿಮಗ ಬಂತು, ನಿಮ್ಮದು ಆಕಿಗೆ ಹೋತು. ನಿಮ್ಮದು ಇಲ್ಲದ ನೋಡ್ರಿ."

ಮುದುಕಿಯ ಮೂಗಿನಿಂದ ಅದನ್ನು ಮೆಲ್ಲಗೆ ತೆಗೆದು, ತಂದದ್ದನ್ನು ಸೆರಗಿನಿಂದ ಒರೆಸಿ ಹಾಕಿದರು. ಸಿದ್ದವ್ವ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು. ತನ್ನ ಅಂಗೈ ನೋಡಿದಳು, ಮಗ್ಗುಲಿನವಳ ಬಳೆ ನೋಡಿದಳು. ಕರೆವ್ವನನ್ನು ಮೇಲಿಂದ ಕೆಳಗೆ ನೋಡಿ "ಯಾರ ಮಗಳವ್ವ ನೀ, ಛಂದ ಅದಿ" ಎಂದಳು. ಕೊನೆಗೆ ಅನಸೂಯಾಬಾಯಿಯ ಮುಖದ ಮೇಲೆ ಅವಳ ನೋಟ ನಿಂತಿತು.

"ಅಯ್ಯ ತಂಗಿ, ದನಿ ಕೇಳಿ ಸಾಲಿ ಹುಡುಗಿ ಅಂತ ತಿಳಿದಿದ್ನಲ್ಲ ನಾನು. ತಲಿ ಅರ್ಧಾ ಬೆಳ್ಳಗಾಗೈತಲ್ಲ ನಿಂದು!"

ಸಾಲಿನ ಹೆಂಗಸರೆಲ್ಲ ಹೋ ಎಂದು ನಕ್ಕರು. ಅನಸೂಯಾಬಾಯಿಯೂ ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಆ ಮಾರ್ಕೆಟ್ಟಿನಲ್ಲಿ ಕಣ್ಣು ಒರೆಸಿಕೊಂಡರೆ ಯಾರೂ ಯಾಕೆಂದು ಕೇಳುವುದಿಲ್ಲ.

"ಏನ ಕೆಲಸ ಮಾಡತಿ?" ಎಂದಳು ಸಿದ್ದವ್ವ.

"ಇನ್ನೂ ಕಲೀಲಿಕ್ಕತ್ತೀನ್ರಿ."

"ಕಲಿ, ಕಲಿ" ಎಂದು ಅವಳು ಖಾರದ ಕೈಯನ್ನು ಉಡಿಗೆ ಒರೆಸಿ, ಅನಸೂಯಾಬಾಯಿಯ ಗಲ್ಲ ಹಿಡಿದು ಅಲುಗಿಸಿದಳು. ಗಲ್ಲ ಸಂಜೆಯವರೆಗೂ ಉರಿಯಿತು.

ಮುದುಕಿ ಕೊಟ್ಟ ಕನ್ನಡಕವನ್ನು ಸ್ಟೇಷನ್ ಓಣಿಗೆ ಮುಟ್ಟಿಸಿ ಬಂದ ಮೇಲೆ ಅವರು ಪ್ರೋಗ್ರಾಮನ್ನು ಮತ್ತೆ ಬರೆದರು. ಒಂದೇ ಎಲುಬಿನವರು ಇಬ್ಬರು ಸಿಕ್ಕರೆ ಅದು ಈಗ ತಾನೇ ತೀರ್ಮಾನಿಸದೆ ನಿಂತು ಕೇಳುತ್ತಿತ್ತು. ಹಾಗೆ ಕೇಳಿದಾಗ ಇನ್ನೆರಡು ಜೋಡಿ ಹೊರಬಿದ್ದವು. ಅದೃಷ್ಟಕ್ಕೆ ಅವರ ಕನ್ನಡಕ ಸರಿಯಾದವರಿಗೇ ಹೋಗಿದ್ದವು. ಆದರೂ ಅನಸೂಯಾಬಾಯಿ ಆ ನಾಲ್ವರ ಮನೆಗೂ ಹೋಗಿ ಕೇಳಿಕೊಂಡು ಬಂದರು.

ಜೂನ್‌ನಲ್ಲಿ ಕೋರ್ಸ್ ಮುಗಿಯಿತು. ಕರೆವ್ವನಿಗೆ ರಾಣೆಬೆನ್ನೂರಿನ ಬೀಜದ ಆಫೀಸೊಂದರಲ್ಲಿ ಕೆಲಸವಾಯಿತು. ಪರೀಕ್ಷೆಯಲ್ಲಿ ಅವಳಿಗೆ ಅನಸೂಯಾಬಾಯಿಗಿಂತ ಹನ್ನೊಂದು ಅಂಕ ಹೆಚ್ಚು ಬಂದಿತ್ತು. ಅದನ್ನು ಅನಸೂಯಾಬಾಯಿ ಹಾವೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಪರಮೇಶಪ್ಪನವರ ಟ್ರಸ್ಟಿಗೆ ಮೂರು ತಾಲ್ಲೂಕಿನ ಕ್ಯಾಂಪುಗಳಿಗೆ ಪ್ರೋಗ್ರಾಂ ಬರೆಯುವವರು ಬೇಕಾಗಿದ್ದರು. ಮಹಮ್ಮದಗೌಸ ಯಾರ ಹೆಸರು ಹೇಳಲಿ ಎಂದು ಕೇಳುವ ಮೊದಲೇ ಪರಮೇಶಪ್ಪ ಹೇಳಿದರು, "ತಪ್ಪು ನಂದು ಅಂದ್ರಲ್ಲ, ಆ ಬಾಯಾರು ಬೇಕು ನಮಗ."

ನೇಮಕದ ಕಾಗದ ಅಂಚೆಯಲ್ಲಿ ಹಾವೇರಿಗೆ ಬಂತು. ಭಾಗೀರಥೀಬಾಯಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಮಗಳ ಹೆಸರಿನ ಕೆಳಗಿನ ಶಬ್ದವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು.

"ಪ್ರೋ-ಗ್ರಾ-ಮರ್. ಹಂಗಂದ್ರ ಏನು ಮಾಡೋರು ಅನಸೂ?"

"ಕೆಲಸಾ ಹೆಂಗ ಮಾಡಬೇಕಂತ ಮಷಿನ್ನಿಗೆ ಒಂದೊಂದ ಹೇಳಿಕೊಡೋರವ್ವಾ."

"ಅದು ಕೇಳ್ತದೇನು?"

"ಹೇಳಿದ್ದಷ್ಟು ಕೇಳ್ತದ. ಹೇಳಲಿಲ್ಲಂದ್ರ ಮಾಡೂದಿಲ್ಲ."

"ನಿಮ್ಮ ಅಪ್ಪ ಹೇಳಿದ್ರೂ ಕೇಳ್ತಿದ್ದಿಲ್ಲ" ಎಂದರು ಭಾಗೀರಥೀಬಾಯಿ. ಕಾಗದ ಮಡಿಸಿ ದೇವರ ಮುಂದಿಟ್ಟು, ಮಗಳ ಡಬ್ಬಿಗೆ ಚಟ್ನಿ ತುಂಬಲು ಒಳಗೆ ಹೋದರು.